ಛಾಯಾಚಿತ್ರದ ರವೆ: ಗುಣದೋಷವಿಚಾರ

ಛಾಯಾಚಿತ್ರವನ್ನು ಹಿಗ್ಗಿಸಿ ನೋಡಿದಾಗ, ಅಥವಾ ಮಂದವಾದ ಬೆಳಕಿನಲ್ಲಿ ತೆಗೆದ ಚಿತ್ರವನ್ನು ಹತ್ತಿರದಿಂದ ನೋಡಿದಾಗ, ನುಣುಪಾಗಿರಬೇಕಾದ ಆಕಾಶದಲ್ಲಿಯೂ ಮುಖದ ಕೆನ್ನೆಯಲ್ಲಿಯೂ ಸಣ್ಣ ಮರಳನ್ನು ಎರಚಿದಂತೆ ಒಂದು ತರಿತರಿಯಾದ ತೋರಿಕೆಯು ಕಾಣಬರುವುದು ಎಲ್ಲರಿಗೂ ಅನುಭವಸಿದ್ಧವಾದ ಸಂಗತಿ. ಇಂಗ್ಲಿಷರು ಇದನ್ನು ಗ್ರೇನ್ ಎಂದು ಕರೆಯುತ್ತಾರೆ. ಬಹುಕಾಲದವರೆಗೆ ಇದನ್ನು ಅಡಗಿಸುವುದಕ್ಕಾಗಿ ರಸಾಯನಜ್ಞರು ಶ್ರಮಪಟ್ಟರು. ಈಗ ಇದರ ಸುಳಿವೇ ಇಲ್ಲದಂತೆ ಚಿತ್ರವನ್ನು ತೆಗೆಯುವುದು ಸುಲಭವಾಗಿರುವಾಗ, ಅನೇಕರು ಇದನ್ನೇ ಬಯಸಿ ನುಣುಪಾದ ಚಿತ್ರದ ಮೇಲೆ ಕೃತಕವಾಗಿ ಎರಚಿಕೊಳ್ಳುತ್ತಿದ್ದಾರೆ. ಮತ್ತೆ ಕೆಲವರು ಹಳೆಯ ಚಲಚ್ಚಿತ್ರಗಳಲ್ಲಿ ಸ್ವಭಾವಸಿದ್ಧವಾಗಿದ್ದುದನ್ನು ಒರಸಿಹಾಕುತ್ತಿದ್ದಾರೆ. ಒಂದೇ ವಸ್ತುವು ಒಬ್ಬರಿಗೆ ಕೊಳೆ, ಇನ್ನೊಬ್ಬರಿಗೆ ಒಡವೆ. ಇದು ಬರಿಯ ರುಚಿಭೇದವೋ, ಇಲ್ಲಿ ನಿರ್ಣಯಕ್ಕೆ ಅವಕಾಶವುಂಟೋ ಎಂಬುದೇ ಈ ಲೇಖನದ ವಿಷಯ.

ಸಾಹಿತ್ಯಸಂಶೋಧನೆಯ ಪತ್ರಿಕೆಯಲ್ಲಿ ಈ ಪ್ರಸ್ತಾಪವೇಕೆಂದು ವಾಚಕಮಹಾಶಯರು ಕೇಳಬಹುದು. ಗುಣದೋಷಗಳ ವಿವೇಚನೆಯಲ್ಲಿ ನಮ್ಮ ಆಲಂಕಾರಿಕರು ಮಾಡಿರುವ ವಿಭಾಗವು ಇಲ್ಲಿ ಚೆನ್ನಾಗಿ ಉಪಯೋಗಕ್ಕೆ ಬರುವುದೆಂಬುದು ಒಂದು ಕಾರಣ. ಅದಕ್ಕಿಂತ ಬಲವಾದ ಕಾರಣವು ಬೇರೆ ಇದೆ. ಇಂದು ಓಲೆಯ ಪ್ರತಿಗಳನ್ನು ಕೈಯಲ್ಲಿ ಹಿಡಿದು ಓದುವುದು ಕಡಮೆಯಾಗಿ, ಅವುಗಳ ಡಿಜಿಟಲ್ ಛಾಯಾಚಿತ್ರಗಳನ್ನು ಓದುವುದೇ ಹೆಚ್ಚಾಗುತ್ತಿದೆ. ಆ ಚಿತ್ರಗಳಲ್ಲಿ ಏನು ಉಳಿದಿದೆ, ಏನನ್ನು ಅಳಿಸಲಾಗಿದೆ ಎಂಬುದನ್ನರಿಯದೆ ಪಾಠನಿರ್ಣಯಕ್ಕೆ ಕೈಹಾಕುವಂತಿಲ್ಲ.

ಮೊದಲು ಪರಿಭಾಷೆ. ಫಿಲ್ಮಿನಲ್ಲಿರುವ ಬೆಳ್ಳಿಯ ಸೂಕ್ಷ್ಮವಾದ ತುಣುಕನ್ನು ಕಣವೆಂದೂ, ಕಣಗಳ ಸಮುದಾಯದಿಂದ ಕಣ್ಣಿಗೆ ತೋರುವ ತರಿತನವನ್ನು ರವೆಯೆಂದೂ ಇಲ್ಲಿ ಕರೆಯುತ್ತೇನೆ. ಕಣವು ಪದಾರ್ಥ, ರವೆಯು ಪ್ರತೀತಿ. ಪಾಶ್ಚಾತ್ಯಶಾಸ್ತ್ರಜ್ಞರೂ ಉಪಕರಣದ ಅಳತೆಗೆ ಸಿಕ್ಕುವ ಏರುಪೇರಿಗೆ ಒಂದು ಹೆಸರನ್ನು, ನೋಡುವವನ ಕಣ್ಣಿಗೆ ತೋರುವ ತರಿತನಕ್ಕೆ ಇನ್ನೊಂದು ಹೆಸರನ್ನು ಇಟ್ಟುಕೊಂಡಿದ್ದಾರೆ. ತರಿತನವೆಂದ ಮಾತ್ರಕ್ಕೆ ನಿಂದೆಯೆಂದು ಕನ್ನಡಿಗರಾರೂ ಭಾವಿಸಬೇಕಾಗಿಲ್ಲ. ನಮ್ಮ ಮನೆಗಳಲ್ಲಿ ತುಪ್ಪವು ಮರಳುಮರಳಾಗಿದ್ದರೆ ಹೊಗಳುವರು. ತೇಯ್ದ ಗಂಧವು ತರಿತರಿಯಾಗಿದ್ದರೆ ಇನ್ನೊಮ್ಮೆ ತೇಯಿರೆನ್ನುವರು.

ಫಿಲ್ಮೆಂಬುದು ತೆಳ್ಳನೆಯ ಹಾಳೆಯ ಮೇಲೆ ಹಚ್ಚಿದ ಜೆಲಟಿನ್ ಎಂಬ ಅಂಟಿನ ಪದರ. ಅದರಲ್ಲಿ ಬೆಳ್ಳಿಯ ಲವಣದ ಹರಳುಗಳು ಅಸಂಖ್ಯಾತವಾಗಿ ಹರಡಿಕೊಂಡಿರುತ್ತವೆ. ಒಂದೊಂದು ಹರಳಿನ ಅಗಲವು ಸಾಮಾನ್ಯವಾಗಿ ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿನ ಆಸುಪಾಸಿನದು. ಬೆಳಕು ತಾಗಿದ ಹರಳಿನಲ್ಲಿ ಬೆಳ್ಳಿಯ ಕೆಲವೇ ಪರಮಾಣುಗಳು ಒಂದುಗೂಡಿ ಬೀಜರೂಪವಾದ ಗುರುತೊಂದು ಉಂಟಾಗುವುದು. ಕತ್ತಲಕೋಣೆಯ ದ್ರಾವಣವು ಆ ಬೀಜವುಳ್ಳ ಹರಳನ್ನು ಇಡಿಯಾಗಿ ಕರಿಯ ಬೆಳ್ಳಿಯನ್ನಾಗಿ ಮಾರ್ಪಡಿಸುವುದು. ಬೀಜವಿಲ್ಲದ ಹರಳುಗಳು ಹೈಪೋ ಎಂಬ ಮತ್ತೊಂದು ದ್ರಾವಣದಲ್ಲಿ ಕರಗಿಹೋಗುವುವು. ಆದ್ದರಿಂದ ಹರಳಿಗೆ ಕಪ್ಪಾಗುವುದು, ಇಲ್ಲವೇ ಇಲ್ಲವಾಗುವುದು ಎಂಬ ಎರಡೇ ಗತಿ. ಬೂದುಬಣ್ಣವೆಂಬುದು ಅಲ್ಲಿ ಎಲ್ಲಿಯೂ ಇಲ್ಲ. ಕರಿಯ ಕಣಗಳು ವಿರಳವಾಗಿ ಬಿದ್ದಿರುವೆಡೆಯನ್ನು ದೂರದಿಂದ ಕಂಡು ನಾವು ಬೂದು ಎನ್ನುತ್ತೇವೆ.

ಪಾಠಶಾಲೆಯಲ್ಲಿ ತರ್ಕವನ್ನೋದಿದವರಿಗೆ ಇಲ್ಲಿ ವೈಶೇಷಿಕರ ಪ್ರಕ್ರಿಯೆಯು ನೆನಪಾಗದಿರದು. ಪರಮಾಣುವು ಅತೀಂದ್ರಿಯ, ಎರಡು ಪರಮಾಣುಗಳ ದ್ವ್ಯಣುಕವೂ ಅತೀಂದ್ರಿಯ, ಮೂರು ದ್ವ್ಯಣುಕಗಳಿಂದಾದ ತ್ರ್ಯಣುಕವು ಮಾತ್ರ, ಗವಾಕ್ಷದಿಂದ ಒಳಬಿದ್ದ ಬಿಸಿಲುಕೋಲಿನಲ್ಲಿ ಆಡುವ ಧೂಳಿಯಾಗಿ, ಕಣ್ಣಿಗೆ ಬೀಳುವುದು. ಫಿಲ್ಮಿನಲ್ಲಿಯೂ ಹೀಗೆಯೇ. ಸಾಧಾರಣವಾಗಿ ಹಿಗ್ಗಿಸಿದ ಚಿತ್ರದಲ್ಲಿ ಬಿಡಿಯಾದ ಕಣವು ಬರಿಗಣ್ಣಿಗೆ ಕಾಣುವುದಿಲ್ಲ. ಒಂದರ ಮೇಲೊಂದು, ಒಂದರ ಪಕ್ಕದಲ್ಲೊಂದು ಕ್ರಮವಿಲ್ಲದೆ ಬಿದ್ದ ಕಣಗಳು ಅಲ್ಲಲ್ಲಿ ಗುಂಪುಗೂಡಿ, ಅಲ್ಲಲ್ಲಿ ತೆರಪು ಬಿಟ್ಟು ಉಂಟಾದ ಏರುಪೇರೇ ರವೆ. ಕಾಗದದ ಮೇಲಿನ ಅಚ್ಚಿನಲ್ಲಂತೂ ಕರಿಯ ಚುಕ್ಕೆಯಾಗಿ ತೋರುವುದು ಬೆಳ್ಳಿಯ ಕಣವಲ್ಲ. ನೆಗೆಟಿವಿನಲ್ಲಿ ಕಣವಿಲ್ಲದ ತೆರಪು. ಅಭಾವವೇ ಭಾವವಾಗಿ ತೋರುವ ಈ ಉದಾಹರಣೆಯು ತಾರ್ಕಿಕರಿಗೆ ಇಷ್ಟವಾದೀತು.

ಮುಖ್ಯವಾಗಿ ತಿಳಿಯತಕ್ಕ ಅಂಶವೇನೆಂದರೆ, ಕಣಕ್ಕೂ ಚಿತ್ರಕ್ಕೂ ಇರುವ ಸಂಬಂಧವು ಕನ್ನಡಿಗೂ ಅದರ ಮೇಲಿನ ಧೂಳಿಗೂ ಇರುವಂಥದಲ್ಲ. ನೂಲಿಗೂ ಬಟ್ಟೆಗೂ ಇರುವಂಥದು. ಕಣವು ಚಿತ್ರಕ್ಕೆ ಸಮವಾಯಿಕಾರಣ. ಬಣ್ಣದ ಫಿಲ್ಮಿನಲ್ಲಿ ಕೊನೆಗೆ ಬೆಳ್ಳಿಯನ್ನು ತೆಗೆದುಹಾಕುವರು, ಅದಿದ್ದೆಡೆಯಲ್ಲಿ ಬಣ್ಣದ ಸಣ್ಣ ಸಣ್ಣ ಮೋಡಗಳು ಉಳಿಯುವುವು. ಅಲ್ಲಿಯೂ ನ್ಯಾಯವು ಇದೇ.

ರವೆಯು ಮೊದಲಿನಿಂದ ಇದ್ದ ತೊಡಕಲ್ಲ. ೧೮೩೯ರಲ್ಲಿ ಪ್ರಕಟವಾದ ಡಾಗೇರನ ವಿಧಾನದಲ್ಲಿ ಬೆಳ್ಳಿಯ ಲೇಪವುಳ್ಳ ತಾಮ್ರದ ತಗಡಿನ ಮೇಲೆ ಚಿತ್ರವು ಮೂಡುತ್ತಿತ್ತು. ಬರಿಗಣ್ಣಿಗೆ ಅದರಲ್ಲಿ ರವೆಯು ತೋರದು. ದೊಡ್ಡ ಗಾಜಿನ ಫಲಕಗಳ ಕಾಲದಲ್ಲಿ ಫಲಕದಷ್ಟೇ ಅಗಲದ ಅಚ್ಚನ್ನು ತೆಗೆಯುವುದು ವಾಡಿಕೆಯಾಗಿದ್ದುದರಿಂದ ಆಗಲೂ ಅದು ಯಾರನ್ನೂ ಹೆಚ್ಚಾಗಿ ಬಾಧಿಸಲಿಲ್ಲ. ೧೯೨೫ರಲ್ಲಿ ಜರ್ಮನಿಯ ಲೈಕಾ ಕ್ಯಾಮರಾ ಹೊರಬಂದಿತು. ಅದರ ಚಿತ್ರದ ಅಳತೆಯು ೨೪ ಮಿಲಿಮೀಟರ್ ಎತ್ತರ, ೩೬ ಮಿಲಿಮೀಟರ್ ಅಗಲ. ಅದನ್ನು ಹನ್ನೆರಡು ಅಂಗುಲದ ಅಗಲಕ್ಕೆ ಹಿಗ್ಗಿಸಿದರೆ ಪ್ರತಿಯೊಂದು ಏರುಪೇರೂ ಎಂಟರಷ್ಟಕ್ಕೆ ಮಿಗಿಲಾಗುವುದು. ರವೆಯು ದೋಷಗಳ ಪಟ್ಟಿಯಲ್ಲಿ ಮುಂದಕ್ಕೆ ಬಂದುದು ಹೀಗೆ. ಪರಿಹಾರವೂ ಸುಲಭವಾಗಿರಲಿಲ್ಲ. ದೊಡ್ಡ ಹರಳು ಹೆಚ್ಚು ಬೆಳಕನ್ನು ಹಿಡಿಯುವುದಾದ್ದರಿಂದ ಮಂದಪ್ರಕಾಶದಲ್ಲಿ ಕೆಲಸಮಾಡಬಲ್ಲ ಫಿಲ್ಮು ತರಿಯಾಗಿರುವುದು ಸಹಜ. ನುಣುಪು ಬೇಕೆಂದವನು ಬಿಸಿಲನ್ನು ಕಾಯಬೇಕು. ಇರುಳಿನಲ್ಲಿ ನಡೆದುದನ್ನು ಹಿಡಿಯಬೇಕೆಂದವನು ರವೆಯನ್ನು ಸಹಿಸಬೇಕು.

ಈ ಸಹನೆಯಿಂದಲೇ ಮೆಚ್ಚಿಕೆಯು ಹುಟ್ಟಿತೆಂದು ನನ್ನ ಅಭಿಪ್ರಾಯ. ೧೯೪೪ನೆಯ ಜೂನ್ ೬ರಂದು ನಾರ್ಮಂಡಿಯ ಕಡಲತೀರದಲ್ಲಿ ಸೈನಿಕರೊಡನೆ ನೀರಿಗಿಳಿದ ರಾಬರ್ಟ್ ಕಾಪನು ತೆಗೆದ ಚಿತ್ರಗಳು ಅದೇ ತಿಂಗಳ ೧೯ರ ಲೈಫ್ ಪತ್ರಿಕೆಯಲ್ಲಿ ಅಚ್ಚಾದುವು. ಅಲುಗಾಟ, ಮಸುಕು, ರವೆ ಎಂಬ ದೋಷಗಳೆಲ್ಲವೂ ಅವುಗಳಲ್ಲಿ ಉಂಟು. ಅವುಗಳನ್ನು ತಿದ್ದಿ ನುಣುಪು ಮಾಡಬೇಕೆಂದು ಹೇಳುವ ಸಹೃದಯನನ್ನು ನಾನು ಕಂಡಿಲ್ಲ. ೧೯೫೪ರಲ್ಲಿ ಕೊಡಾಕ್ ಸಂಸ್ಥೆಯು ಟ್ರೈ-ಎಕ್ಸ್ ಎಂಬ ವೇಗದ ಫಿಲ್ಮನ್ನು ಚಿಕ್ಕ ಕ್ಯಾಮರಾಗಳಿಗೂ ಒದಗಿಸಿದ ಮೇಲೆ ವಾರ್ತಾಪತ್ರಿಕೆಗಳ ಚಿತ್ರಕಾರರಲ್ಲಿ ಅದು ಬಹಳವಾಗಿ ಬಳಕೆಗೆ ಬಂದಿತು. ಕ್ರಮೇಣ, ರವೆಯುಳ್ಳ ಚಿತ್ರವನ್ನು ಕಂಡ ಕೂಡಲೆ, ತೆಗೆದವನು ಸ್ಥಳದಲ್ಲಿದ್ದನು, ದೀಪವನ್ನು ಹೊಂದಿಸಿಕೊಳ್ಳುವಷ್ಟು ವ್ಯವಧಾನವೂ ಅವನಿಗಿರಲಿಲ್ಲ ಎಂಬ ಅರ್ಥವು ನೋಡುವವರಿಗೆ ತಾನಾಗಿ ಹೊಳೆಯತೊಡಗಿತು. ಚಿತ್ರದಲ್ಲಿ ಬರೆದಿರದ ಅರ್ಥವಿದು, ವಾಚ್ಯವಲ್ಲ, ವ್ಯಂಗ್ಯ.

ಜಪಾನಿನಲ್ಲಿ ಇದು ಒಂದು ರೀತಿಯೇ ಆಯಿತು. ೧೯೬೮ರಿಂದ ೧೯೬೯ರ ವರೆಗೆ ಮೂರೇ ಸಂಚಿಕೆಗಳಾಗಿ ಹೊರಬಂದ ಪ್ರೊವೋಕ್ ಎಂಬ ಪತ್ರಿಕೆಯ ಬಳಗದವರಾದ ನಕಾಹಿರಾ ತಕುಮಾ, ಮೊರಿಯಾಮಾ ದೈದೊ ಮೊದಲಾದವರ ಚಿತ್ರಗಳಿಗೆ ಅರೆ, ಬುರೆ, ಬೊಕೆ ಎಂಬ ಮೂರು ಮಾತುಗಳು ಲಕ್ಷಣವಾಗಿ ರೂಢವಾದುವು. ಒರಟು, ಅಲುಗಾಟ, ಮಸುಕು ಎಂದು ಅವುಗಳ ಅರ್ಥ. ಹಿಂದಿನವರ ದೋಷಪ್ರಕರಣವೇ ಇವರ ಲಕ್ಷಣಪ್ರಕರಣವಾಯಿತೆಂಬುದನ್ನು ಗಮನಿಸಬೇಕು. ೧೯೭೧ರಲ್ಲಿ ಮಿಸಾವಾ ಎಂಬ ಊರಿನಲ್ಲಿ ಮೊರಿಯಾಮಾ ತೆಗೆದ ಬೀದಿನಾಯಿಯ ಚಿತ್ರವು ಪ್ರಸಿದ್ಧವಾದುದು. ಆ ನಾಯಿಯ ಮೈಯ ಕೂದಲೆಲ್ಲಿ ಮುಗಿಯಿತು, ಫಿಲ್ಮಿನ ರವೆಯೆಲ್ಲಿ ಮೊದಲಾಯಿತು ಎಂದು ಹೇಳುವುದು ಕಷ್ಟ. ಹೇಳುವ ಅಗತ್ಯವೂ ಇಲ್ಲ. ಇತ್ತ ರಸಾಯನಜ್ಞರು ಮಾತ್ರ ತಮ್ಮ ವ್ರತವನ್ನು ಬಿಡಲಿಲ್ಲ. ಚಪ್ಪಟೆಯಾದ ಹರಳುಗಳನ್ನು ಬೆಳೆಯಿಸಿ, ವೇಗವನ್ನು ಉಳಿಸಿಕೊಂಡೇ ರವೆಯನ್ನು ತಗ್ಗಿಸಿದ ಟಿ-ಮ್ಯಾಕ್ಸ್ ಫಿಲ್ಮುಗಳನ್ನು ಕೊಡಾಕ್ ೧೯೮೬ರಲ್ಲಿ ಹೊರತಂದಿತು. ಆದರೂ ಹಳೆಯ ಟ್ರೈ-ಎಕ್ಸನ್ನು ಕೇಳುವವರು ನಿಲ್ಲಲಿಲ್ಲ.

ಈಗ ಶಾಸ್ತ್ರಕ್ಕೆ ಬರೋಣ. ಕಾವ್ಯದೋಷಗಳಲ್ಲಿ ನಿತ್ಯ, ಅನಿತ್ಯ ಎಂದು ಎರಡು ಬಗೆಯುಂಟು. ವ್ಯಾಕರಣಕ್ಕೆ ತಪ್ಪಿದ ಪ್ರಯೋಗವು, ಅನುಕರಣದಲ್ಲಿ ಹೊರತು, ಎಲ್ಲಿದ್ದರೂ ದೋಷವೇ. ಕಿವಿಗೆ ಕರ್ಕಶವಾದ ಶಬ್ದವು ಹಾಗಲ್ಲ. ಶೃಂಗಾರದಲ್ಲಿ ಅದು ತ್ಯಾಜ್ಯ, ರೌದ್ರದಲ್ಲಿ ಅದೇ ಉಪಾದೇಯ. ಈ ವಿಭಾಗವನ್ನು ರಸದ ಆಧಾರದ ಮೇಲೆ ನಿಲ್ಲಿಸಿದವನು ಆನಂದವರ್ಧನ. ಅವನಿಗಿಂತ ಮೊದಲೇ ಭಾಮಹನು, ಆಶ್ರಯದ ಸೌಂದರ್ಯದಿಂದ ದೋಷವೂ ಶೋಭಿಸುವುದೆಂಬುದಕ್ಕೆ ಕಾಂತೆಯ ಕಣ್ಣಿನ ಕಾಡಿಗೆಯನ್ನು ದೃಷ್ಟಾಂತವಾಗಿ ಕೊಟ್ಟಿದ್ದನು. ನಮ್ಮ ಕವಿರಾಜಮಾರ್ಗದ ಮೊದಲನೆಯ ಪರಿಚ್ಛೇದಕ್ಕೆ ದೋಷಾದೋಷಾನುವರ್ಣನನಿರ್ಣಯವೆಂದೇ ಹೆಸರು. ಸಂಸ್ಕೃತದಲ್ಲಿ ದೋಷವಾದ ಯತಿಭಂಗವನ್ನು ಕನ್ನಡಕವಿಗಳು ಲೆಕ್ಕಿಸದೆ ನಡೆದುದೂ ಪ್ರಸಿದ್ಧವೇ.

ರವೆಯು ಅನಿತ್ಯದೋಷಗಳ ವರ್ಗಕ್ಕೆ ಸೇರತಕ್ಕುದು. ಹಸುಗೂಸಿನ ಕೆನ್ನೆಯಲ್ಲಿ ಅದು ಶೃಂಗಾರದಲ್ಲಿನ ಟವರ್ಗದಂತೆ. ಮಳೆಯ ಇರುಳಿನಲ್ಲಿ ಓಡುವ ಜನಸಮೂಹದಲ್ಲಿ ಅದು ಓಜಸ್ಸಿಗೆ ಪೋಷಕ. ಹೀಗಾದರೆ ಯಾವ ದೋಷವನ್ನಾದರೂ ಗುಣವೆಂದು ಸಾಧಿಸಬಹುದಲ್ಲವೆ ಎಂಬ ಆಕ್ಷೇಪವು ಬರಬಹುದು. ಬರುವುದಿಲ್ಲ. ಅನಿತ್ಯವೆಂದರೆ ಎಲ್ಲೆಡೆಯೂ ಗುಣವೆಂದರ್ಥವಲ್ಲ. ರಸಕ್ಕೆ ಅನುಗುಣವಾಗಿ ನಿರ್ಣಯಿಸತಕ್ಕುದೆಂದರ್ಥ. ಇಂದು ಕೆಲವು ತರುಣರು ಹಬ್ಬದ ಹೋಳಿಗೆಯ ತಟ್ಟೆಯ ಚಿತ್ರದ ಮೇಲೆಯೂ ಯುದ್ಧಭೂಮಿಯ ರವೆಯನ್ನು ಎರಚುತ್ತಾರೆ. ಕ್ಯಾಮರಾ ತಯಾರಕರೂ ಇದಕ್ಕೆ ಅನುಕೂಲಮಾಡಿಕೊಟ್ಟಿದ್ದಾರೆ. ೨೦೧೬ರಲ್ಲಿ ಬಂದ ಫ್ಯೂಜಿಯ ಎಕ್ಸ್-ಪ್ರೊ೨ ಎಂಬ ಡಿಜಿಟಲ್ ಕ್ಯಾಮರಾದಲ್ಲಿ ಬೇಕಾದಷ್ಟು ರವೆಯನ್ನು ಸೇರಿಸುವ ಏರ್ಪಾಡೇ ಇತ್ತು. ಕೃತಕವೆಂಬ ಒಂದೇ ಕಾರಣದಿಂದ ಇದನ್ನು ನಾನು ನಿಂದಿಸಲಾರೆ, ಅನುಪ್ರಾಸವೂ ಕೃತಕವೇ. ರಸವಿಲ್ಲದೆಡೆ ಅನುಪ್ರಾಸವನ್ನು ಸುರಿದ ಕವಿಗೆ ಯಾವ ಮರ್ಯಾದೆಯೋ ಇವರಿಗೂ ಅದೇ.

ಡಿಜಿಟಲ್ ಕ್ಯಾಮರಾದಲ್ಲಿ ಇದಕ್ಕೆ ಸಂವಾದಿಯಾದುದನ್ನು ಗ್ರೇನ್ ಎನ್ನದೆ ನಾಯ್ಸ್, ಎಂದರೆ ಗದ್ದಲ, ಎನ್ನುತ್ತಾರೆ. ಒಂದಕ್ಕೆ ಧಾನ್ಯದ ಹೆಸರು, ಇನ್ನೊಂದಕ್ಕೆ ಉಪದ್ರವದ ಹೆಸರು. ನಾಮಕರಣದಲ್ಲಿಯೇ ತೀರ್ಪು ಮುಗಿದುಹೋಗಿದೆ. ಈ ಗದ್ದಲವೆಲ್ಲ ಯಂತ್ರದ ಕೊರತೆಯೆಂದು ಜನರು ತಿಳಿದಿದ್ದಾರೆ. ಅದು ಪೂರ್ತಿಯಾಗಿ ಸರಿಯಲ್ಲ. ಅಂಗಳದಲ್ಲಿ ಒಂದೇ ಅಳತೆಯ ಬಟ್ಟಲುಗಳನ್ನು ಸಾಲಾಗಿ ಇಟ್ಟು ತುಂತುರುಮಳೆಯಲ್ಲಿ ಕ್ಷಣಕಾಲ ಬಿಟ್ಟರೆ, ಎಲ್ಲ ಬಟ್ಟಲುಗಳಲ್ಲಿಯೂ ಹನಿಗಳ ಸಂಖ್ಯೆಯು ಸಮನಾಗಿರುವುದಿಲ್ಲ. ಬೆಳಕೂ ಫೋಟಾನುಗಳೆಂಬ ಹನಿಗಳಾಗಿಯೇ ಬೀಳುವುದು. ಕ್ಯಾಮರಾದೊಳಗಿನ ಫಲಕದಲ್ಲಿ ಬಟ್ಟಲುಗಳಂತೆ ಸಾಲುಸಾಲಾದ ಮನೆಗಳಿವೆ. ಸರಾಸರಿ ೧೦೦ ಹನಿ ಬೀಳುವಲ್ಲಿ ಏರುಪೇರು ಸುಮಾರು ೧೦, ಎಂದರೆ ನೂರಕ್ಕೆ ಹತ್ತು. ೧೦,೦೦೦ ಹನಿ ಬೀಳುವಲ್ಲಿ ಏರುಪೇರು ಸುಮಾರು ೧೦೦, ಎಂದರೆ ನೂರಕ್ಕೆ ಒಂದೇ. ಮಂದಪ್ರಕಾಶದಲ್ಲಿ ಗದ್ದಲವು ಹೆಚ್ಚುವುದಕ್ಕೆ ಮುಖ್ಯವಾದ ಕಾರಣವು ಬೆಳಕಿನ ಸ್ವಭಾವದಲ್ಲಿಯೇ ಇದೆ. ಇಷ್ಟೇ ಅಲ್ಲದೆ, ಒಂದೊಂದು ಮನೆಯೂ ಕೆಂಪು, ಹಸುರು, ನೀಲಿಗಳಲ್ಲಿ ಒಂದನ್ನು ಮಾತ್ರ ಎಣಿಸುವುದು. ಉಳಿದೆರಡನ್ನು ನೆರೆಮನೆಗಳಿಂದ ಊಹಿಸಬೇಕು. ೧೯೭೬ರಲ್ಲಿ ಕೊಡಾಕಿನ ಬ್ರೈಸ್ ಬೇಯರನಿಗೆ ಪೇಟೆಂಟು ದೊರೆತ ಈ ಏರ್ಪಾಡಿನಲ್ಲಿ ಒಂದು ಮನೆಯ ತಪ್ಪೆಣಿಕೆಯು ನೆರೆಗೂ ಹಬ್ಬಿ ಬಣ್ಣದ ಕಲೆಯಾಗುವುದು. ಫಿಲ್ಮಿನ ರವೆಯನ್ನು ಮೆಚ್ಚುವವರೂ ಇದನ್ನು ಮೆಚ್ಚದಿರುವುದು ಸಹಜ.

ಅದನ್ನು ಅಳಿಸುವ ಉಪಾಯವು ಸಾಮಾನ್ಯವಾಗಿ ನೆರೆಹೊರೆಯ ಮನೆಗಳ ಎಣಿಕೆಯನ್ನು ಬೆರಸಿ ಸಮಮಾಡುವುದು. ಗದ್ದಲದ ಚುಕ್ಕೆ ಯಾವುದು, ವಸ್ತುವಿನಲ್ಲಿಯೇ ಇದ್ದ ಸೂಕ್ಷ್ಮವಾದ ಗೆರೆ ಯಾವುದು ಎಂಬುದನ್ನು ಯಂತ್ರವು ಊಹಿಸಬೇಕು. ಊಹೆಯು ತಪ್ಪಿದಲ್ಲಿ, ತೂರುವಾಗ ಹೊಟ್ಟಿನೊಡನೆ ಕಾಳೂ ಹಾರಿಹೋಗುವುದು. ಈಗಿನ ಮೊಬೈಲ್ ಫೋನುಗಳು ತೆಗೆದವನನ್ನು ಕೇಳದೆಯೇ ಈ ತೂರುವಿಕೆಯನ್ನು ಮುಗಿಸಿ ಚಿತ್ರವನ್ನು ಕೈಗೆ ಕೊಡುತ್ತವೆ.

ಹಳೆಯ ಚಲಚ್ಚಿತ್ರಗಳಿಗೆ ಇದೇ ಉಪಾಯವನ್ನು ಪ್ರಯೋಗಿಸಿದಾಗ ಅನರ್ಥವು ಸ್ಪಷ್ಟವಾಗುವುದು. ಚಲಚ್ಚಿತ್ರದಲ್ಲಿ ಸೆಕೆಂಡಿಗೆ ೨೪ ಚಿತ್ರಗಳು. ಒಂದೊಂದರ ರವೆಯೂ ಬೇರೆ. ಆದ್ದರಿಂದ ಪರದೆಯ ಮೇಲೆ ಅದು ಜೀವಂತವಾಗಿ ಮಿನುಗುವುದು. ೧೯೮೭ರ ಪ್ರೆಡೇಟರ್ ಎಂಬ ಅಮೆರಿಕದ ಚಿತ್ರದ ೨೦೧೦ರ ಡಿಸ್ಕಿನಲ್ಲಿ ರವೆಯನ್ನು ಒರಸಿದುದರಿಂದ ನಟರ ಮುಖಗಳು ಮೇಣದ ಬೊಂಬೆಗಳಂತಾದುವೆಂದು ನೋಡುಗರು ದೂರಿದರು. ನೂಲನ್ನು ಕಿತ್ತು ಬಟ್ಟೆಯನ್ನು ನುಣುಪು ಮಾಡಿದರೆ ಆಗುವುದು ಇಷ್ಟೇ.

ಗ್ರಂಥಸಂಪಾದಕರಿಗೆ ಹೆಚ್ಚು ಪಾಠವಿರುವುದು ಸತ್ಯಜಿತ್ ರಾಯರ ಅಪು ಚಿತ್ರತ್ರಯದ ಉದ್ಧಾರದಲ್ಲಿ. ೧೯೯೩ರಲ್ಲಿ ಲಂಡನ್ನಿನಲ್ಲಿ ಬಿದ್ದ ಬೆಂಕಿಯಲ್ಲಿ ಅವುಗಳ ಮೂಲ ನೆಗೆಟಿವುಗಳು ಸುಟ್ಟು ಸೊಟ್ಟಗಾದುವು. ೨೦೧೫ರಲ್ಲಿ ಪ್ರದರ್ಶಿತವಾದ ನವೀಕೃತ ಪ್ರತಿಗಾಗಿ ಇಟಲಿಯ ಬೊಲೋನ್ಯಾ ನಗರದ ಪರಿಣತರು ಅವುಗಳನ್ನು ನೆನಸಿ, ಬಿಡಿಸಿ, ಪಥೇರ್ ಪಾಂಚಾಲಿಯಲ್ಲಿ ನೂರಕ್ಕೆ ೪೦ ಪಾಲನ್ನೂ ಅಪರಾಜಿತೋ ಚಿತ್ರದಲ್ಲಿ ೬೦ಕ್ಕೆ ಮಿಗಿಲಾದ ಪಾಲನ್ನೂ ಮೂಲದಿಂದಲೇ ಉಳಿಸಿಕೊಂಡರು. ಮಿಕ್ಕುದನ್ನು ಪ್ರತಿಗಳಿಂದ ತುಂಬಿದರು. ಫಿಲ್ಮಿನಿಂದ ಫಿಲ್ಮಿಗೆ ಪ್ರತಿಮಾಡಿದಾಗ ಮೂಲದ ರವೆಯ ಮೇಲೆ ಪ್ರತಿಯ ರವೆಯೂ ಕೂಡಿಕೊಳ್ಳುವುದು. ಪ್ರತಿಯ ಪ್ರತಿಯಲ್ಲಿ ಮೂರನೆಯದೂ ಸೇರುವುದು. ಲಿಪಿಕಾರರ ತಪ್ಪುಗಳು ಪ್ರತಿಯಿಂದ ಪ್ರತಿಗೆ ಬೆಳೆಯುವ ಕ್ರಮವೇ ಇದು. ಮೂಲದ ರವೆಯು ಕವಿಪಾಠ. ಪ್ರತಿಗಳ ರವೆಯು ಲಿಪಿಕಾರಪಾಠ. ಎರಡನೆಯದನ್ನು ತಗ್ಗಿಸುವ ಭರದಲ್ಲಿ ಮೊದಲನೆಯದು ಹೋಗದಂತೆ ನೋಡಿಕೊಳ್ಳುವುದೇ ಉದ್ಧಾರಕನ ಕೌಶಲ. ಮೂಲ ನೆಗೆಟಿವು ಉಳಿದಿದ್ದರೆ ಈ ಸಂಕಟವು ಎಷ್ಟೋ ಕಡಮೆ. ನಮ್ಮ ನಾಡಿನ ಘಟಶ್ರಾದ್ಧ (೧೯೭೭) ಚಿತ್ರಕ್ಕೆ ಆ ಭಾಗ್ಯವಿತ್ತು. ಮೂಲದಿಂದಲೇ ನವೀಕರಿಸಿದ ಪ್ರತಿಯನ್ನು ೨೦೨೪ರಲ್ಲಿ ವೆನಿಸ್ ಉತ್ಸವದಲ್ಲಿ ತೋರಿಸಿದರು. ವೇದಪಾಠಶಾಲೆಯ ಮಬ್ಬುಗತ್ತಲೆಯ ಆ ಕಥೆಯನ್ನು ಮೇಣದ ನುಣುಪಿನಲ್ಲಿ ಊಹಿಸಿಕೊಳ್ಳಲು ನನ್ನಿಂದಾಗದು.

ಇನ್ನೊಂದು ವಿಚಿತ್ರವನ್ನು ಹೇಳದೆ ಬಿಡಲಾರೆ. ರವೆಗೆ ಕ್ರಮವಿಲ್ಲದಿರುವುದರಿಂದ ಅದನ್ನು ಅಂತರ್ಜಾಲದ ಮೂಲಕ ಸಂಕ್ಷೇಪವಾಗಿ ಕಳುಹಿಸುವುದು ಕಷ್ಟ. ೨೦೧೮ರಲ್ಲಿ ಪ್ರಕಟವಾದ ಎವಿ೧ ಎಂಬ ಸಂಕೇತಪದ್ಧತಿಯಲ್ಲಿ, ಕಳುಹಿಸುವೆಡೆಯಲ್ಲಿ ರವೆಯನ್ನು ಸೋಸಿ, ಅದರ ಲಕ್ಷಣವನ್ನು ಮಾತ್ರ ಕೆಲವು ಸಂಖ್ಯೆಗಳಲ್ಲಿ ತಿಳಿಸಿ, ತಲುಪಿದೆಡೆಯಲ್ಲಿ ಅಂಥದೇ ಹೊಸ ರವೆಯನ್ನು ಹುಟ್ಟಿಸಿ ಎರಚುವ ಅವಕಾಶವುಂಟು. ಮೀಮಾಂಸಾಶಾಸ್ತ್ರದ ಆರನೆಯ ಅಧ್ಯಾಯದಲ್ಲಿ ಪ್ರತಿನಿಧಿವಿಚಾರವಿದೆ: ವ್ರೀಹಿಯು ದೊರೆಯದಿದ್ದರೆ ಅದನ್ನು ಹೋಲುವ ನೀವಾರದಿಂದ ಯಾಗವನ್ನು ನಡೆಸಬಹುದು. ಧಾನ್ಯಕ್ಕೆ ಧಾನ್ಯವು ಪ್ರತಿನಿಧಿಯಾದ ಈ ನ್ಯಾಯವು ಇಲ್ಲಿ ಅಕ್ಷರಶಃ ಹೊಂದುವುದು. ಮನೆಯಲ್ಲಿ ಕುಳಿತು ಕಥೆಯನ್ನು ನೋಡುವವನಿಗೆ ನೀವಾರವು ಸಾಕು. ಆದರೆ ವ್ರೀಹಿಯು ಕಣಜದಲ್ಲಿರುವಾಗ ನೀವಾರವನ್ನು ತರುವುದಕ್ಕೆ ಶಾಸ್ತ್ರವು ಅನುಮತಿಸುವುದಿಲ್ಲ. ಸಂಗ್ರಹಾಲಯಗಳಲ್ಲಿಡುವ ಪ್ರತಿಯು ಮೂಲದ ರವೆಯುಳ್ಳದ್ದೇ ಆಗಿರತಕ್ಕುದು.

ಓಲೆಯ ಪ್ರತಿಗಳಲ್ಲಿ ಈ ವಿಚಾರವು ರಸದ್ದಲ್ಲ, ಪ್ರಮಾಣದ್ದು. ಅಲ್ಲಿ ಗದ್ದಲವು ದೋಷವೆಂಬುದರಲ್ಲಿ ಸಂದೇಹವಿಲ್ಲ, ಅದನ್ನು ತಡೆಯುವ ಸರಿಯಾದ ಮಾರ್ಗವು ಬೇಕಾದಷ್ಟು ಬೆಳಕನ್ನು ಕೊಟ್ಟು, ಕ್ಯಾಮರಾವನ್ನು ಮುಕ್ಕಾಲಿಯ ಮೇಲೆ ನಿಲ್ಲಿಸಿ ತೆಗೆಯುವುದು, ತೆಗೆದಾದಮೇಲೆ ಒರಸುವುದಲ್ಲ. ಕಂಟದಿಂದ ಕೊರೆದ ಓಲೆಗೆ ಮಸಿಯನ್ನು ಪೂಸದಿದ್ದರೆ ಅಕ್ಷರವೆಂಬುದು ಬರಿಯ ಗೀರು. ನಮ್ಮ ಲಿಪಿಯಲ್ಲಿ ದಕಾರಕ್ಕೂ ಧಕಾರಕ್ಕೂ ಇರುವ ಭೇದವು ಅಡಿಯ ಒಂದು ಸಣ್ಣ ಸೀಳು. ಯಂತ್ರದ ಕಣ್ಣಿಗೆ ಆ ಸೀಳೂ ಓಲೆಯ ನಾರೂ ಗದ್ದಲದ ಚುಕ್ಕೆಯೂ ಒಂದೇ.

ನಾನು ಸಂಪಾದಿಸುತ್ತಿದ್ದ ಒಂದು ಕಾವ್ಯದಲ್ಲಿ ರಾಜನು ಬೇಡಿದವರಿಗೆ ಕೊಟ್ಟುದು ದನವೋ ಧನವೋ ಎಂಬ ಪ್ರಶ್ನೆಯು ನಾಲ್ಕೆಡೆಗಳಲ್ಲಿ ಎದ್ದಿತು. ಎರಡಕ್ಕೂ ಮಾತ್ರೆಗಳು ಸಮ; ಪ್ರಾಸಸ್ಥಾನವೂ ಅಲ್ಲ; ಅರ್ಥವು ಎರಡರಿಂದಲೂ ಕೂಡುವುದು. ಒಂದು ಭಂಡಾರದಿಂದ ಬಂದ ಚಿತ್ರಗಳಲ್ಲಿ ಓಲೆಗಳು ಬೆಣ್ಣೆಯಂತೆ ನುಣುಪಾಗಿದ್ದುವು, ನಾಲ್ಕೆಡೆಯೂ ಸೀಳಿರಲಿಲ್ಲ. ಓಲೆಗೆ ನಾರಿಲ್ಲದಿರುವುದೆಂತು ಎಂಬ ಶಂಕೆಯಿಂದ, ಕ್ಯಾಮರಾವು ಎಣಿಸಿದಂತೆಯೇ ಇರುವ, ಒರಸದ ಕಡತಗಳನ್ನು ಬೇಡಿ ತರಿಸಿದೆನು. ರಾ ಎಂದು ಕರೆಯುವ ಅಂಥ ಕಡತಗಳನ್ನು ಪ್ರತಿಯೊಂದು ಭಂಡಾರವೂ ಇಟ್ಟುಕೊಂಡು, ಕೇಳಿದ ಸಂಶೋಧಕರಿಗೆ ಕೊಡುವುದು ಅವಶ್ಯ. ಬಂದ ಚಿತ್ರಗಳು ನೋಡಲು ಅಂದವಾಗಿರಲಿಲ್ಲ. ಗದ್ದಲವೂ ನಾರೂ ಎಲ್ಲೆಲ್ಲಿಯೂ ತುಂಬಿದ್ದುವು. ಮೂರೆಡೆಗಳಲ್ಲಿ ಸೀಳು ನಿಸ್ಸಂದೇಹವಾಗಿ ತೋರಿತು, ಅಲ್ಲಿ ಧನವೆಂದು ಪಾಠವನ್ನಿಟ್ಟೆನು. ನಾಲ್ಕನೆಯದರಲ್ಲಿ ಒಂದು ಗೆರೆಯುಂಟು. ಅದು ಕಂಟದ ಸೀಳೋ ಓಲೆಯ ನಾರೋ ಎಂಬುದು ತಿಳಿಯದು. ಆ ಪದ್ಯಕ್ಕೆ ಎರಡು ಪಾಠಗಳನ್ನೂ ಅಡಿಟಿಪ್ಪಣಿಯಲ್ಲಿ ಕೊಟ್ಟಿದೆ.